ಸೋಪು ಮೆತ್ತಿದ ಬ್ರೇಕು

ಶಾಲೆಯ ಹಳೆಯ ಕಾರಿನ ಬ್ರೇಕ್ ಪೈಪ್ ಸೋರುತ್ತಿತ್ತು. ಮರುದಿನ ಅದೇ ಕಾರಿನಲ್ಲಿ ಹುಡುಗಿಯರು ಚರ್ಚಾಸ್ಪರ್ಧೆಗೆಂದು ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕಿತ್ತು. ಹೊಸ ಪೈಪ್ ಹಾಕಿಸುವವರೆಗೆ ಗಾಡಿ ತೆಗೆಯಬಾರದು ಎಂದ ಡ್ರೈವರ್ ಲಾಜರಸ್.

ಶಾಲೆಯ ಮಾಲೀಕರಾದ ನಂಜರಾಜಯ್ಯನವರಿಗೆ ಎದುರುಮಾತು ಆಗದು.

“ಹೋದ ಸಲ ಪೆಟ್ರೋಲ್ ಟ್ಯಾಂಕ್ ಸೋರಿದಾಗ ನೀನೇ ಸೋಪು ಮೆತ್ತಿ ನಿಲ್ಲಿಸಿದೆಯಲ್ಲ? ಇದಕ್ಕೂ ಮೆತ್ತು. ಆಗಲ್ಲ ಅಂದರೆ ಹೇಳು, ಬೇರೆ ಡ್ರೈವರ್ ಕರೆಸ್ತೀನಿ.”

ಲಾಜರಸ್ ಯೋಚಿಸಿದ. ತಾನು ಕೆಲಸ ಬಿಟ್ಟರೂ ಹುಡುಗಿಯರು ಅದೇ ಕಾರಿನಲ್ಲಿ ಘಟ್ಟ ಇಳಿಯುತ್ತಾರೆ. ಅವನು ಸೋಪು ಮೆತ್ತಿ, ಕೈ ಒರೆಸಿಕೊಂಡು, ಸ್ಟೀರಿಂಗ್ ಹಿಡಿದು ಕೂತ. ಎದುರಿಗೆ ಶಾಲೆಯ ಅಂಗಳದ ಇಳಿಜಾರು. ಅದರ ಬುಡದಲ್ಲಿ, ಗೇಟಿನ ಬಳಿ, ನಂಜರಾಜಯ್ಯನವರ ಹೊಸ ಕಾರು ಹೊಳೆಯುತ್ತ ನಿಂತಿತ್ತು.

“ಆಯ್ತು ಸ್ವಾಮಿ. ಇಲ್ಲಿಂದ ಇಳಿಸ್ತೀನಿ. ನಿಮ್ಮ ಕಾರಿಗೆ ಒಂದು ಮೊಳ ದೂರ ಇರುವಾಗ ನಿಲ್ಲಿಸಿ ತೋರಿಸ್ತೀನಿ.”

“ತಡಿ, ತಡಿ. ಮೊದಲು ನನ್ನ ಕಾರು ಆಚೆ ತೆಗೆಸ್ತೀನಿ.”

“ಯಾಕೆ ಸ್ವಾಮಿ? ಸೋಪು ಹಿಡಿಯುತ್ತಲ್ಲ?”

“ಹಿಡಿಯದಿದ್ದರೆ?”

ಲಾಜರಸ್ ಕೆಳಗಿಳಿದು ಹಿಂದಿನ ಬಾಗಿಲು ತೆರೆದು, ಹುಡುಗಿಯರು ಕೂರುವ ಸೀಟಿನ ಧೂಳು ಒರೆಸತೊಡಗಿದ.

ನಂಜರಾಜಯ್ಯನವರು ಆ ಸೀಟನ್ನೇ ನೋಡುತ್ತ ನಿಂತರು. ಆಮೇಲೆ ಜೇಬಿನಿಂದ ಹೊಸ ಕಾರಿನ ಕೀಲಿ ತೆಗೆದುಕೊಟ್ಟರು.

“ಇದಕ್ಕೆ ಹೊಸ ಪೈಪ್ ಹಾಕಿಸ್ತೀನಿ. ನಾಳೆ ನನ್ನ ಕಾರು ತಗೊಂಡು ಹೋಗು. ಒಂದು ಗೀರೂ ಬೀಳಬಾರದು.”

“ಕಾರಿಗೋ, ಮಕ್ಕಳಿಗೋ ಸ್ವಾಮಿ?”

ನಂಜರಾಜಯ್ಯನವರು “ಮೊದಲು ಮಕ್ಕಳಿಗೆ,” ಎಂದರು.