ಬಟ್ಟಲು ನೀರಿಗಿಳಿಯುವ ಮುನ್ನ

"ಕೇಳ್ರಪ್ಪೋ ಕೇಳಿ. ರಾಜಕುಮಾರಿ ಸೋಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ಅಮಾವಾಸ್ಯೆಯಂದು ತಲೆದಂಡ. ತಳದಲ್ಲಿ ತೂತಿರುವ ಗಳಿಗೆ ಬಟ್ಟಲು ನೀರಲ್ಲಿ ಮುಳುಗುವುದರೊಳಗೆ ಉತ್ತರ ಬರಬೇಕು."

ಇಷ್ಟು ಕೇಳಿದ್ದೇ ತಡ, ಕದಿರಾಪುರದ ಗಂಡುಗಳೆಲ್ಲ ಮೀಸೆ ತಿರುವಿಕೊಂಡು ಅರಮನೆಯತ್ತ ಓಡಿದರು. ಬುಟ್ಟಿ ಹೆಣೆಯುವ ಮಾಚನೂ ಓಡಿದ. ಡಂಗುರದ ಮುದುಕನಿಗೆ ಕೆಮ್ಮು ಹತ್ತಿತು. ನಿಂತಿದ್ದವನು ಮಾಚನ ತಮ್ಮ ದ್ಯಾವೀರ ಮಾತ್ರ. ಮಾತಾಡುತ್ತಿರುವ ಹಿರಿಯರಿಗೆ ಬೆನ್ನು ತೋರಿಸಬಾರದು ಅಂತ ಅವ್ವ ಕಲಿಸಿದ್ದಳಲ್ಲ, ಅದಕ್ಕೆ.

ಕೆಮ್ಮು ನಿಂತ ಮೇಲೆ ಮುದುಕ ಖಾಲಿ ಬೀದಿಗೆ ಕೊನೆಯ ಸಾಲು ಸಾರಿದ: "ಒಗಟು ಪೂರ್ತಿಯಾದ ಮೇಲೆಯೇ ಬಟ್ಟಲು ನೀರಿಗಿಳಿಯತಕ್ಕದ್ದು. ಇದು ರಾಜಕುಮಾರಿಯೇ ಸೇರಿಸಿದ ಮಾತು." ಆಮೇಲೆ ನಕ್ಕ. "ಈ ಸಾಲಿಗೆ ನೀನೊಬ್ಬನೇ ಗಿರಾಕಿ ಕಣಪ್ಪ."

ಸಂಜೆಗೆ ಮಾಚ ಸೆರೆಮನೆ ಸೇರಿದ್ದ. ಮರುದಿನವೇ ಅಮಾವಾಸ್ಯೆ. ಗೆದ್ದರೆ ಅಣ್ಣನ ಜೀವವನ್ನೇ ಬೇಡಿಕೊಳ್ಳೋಣ ಅಂತ ದ್ಯಾವೀರ ಬೆಳಗ್ಗೆಯೇ ಸಭೆಗೆ ಹೋದ.

ಅವನಿಗಿಂತ ಮುಂಚೆ ಒಬ್ಬ ಪಾಳೆಯಗಾರನ ಮಗ ನಿಂತಿದ್ದ. "ಕಾಲಿಲ್ಲ, ಊರೂರು ಸುತ್ತುತ್ತದೆ..." ಎಂದು ಸೋಮಲೆ ಮಾತು ತಡೆದು ನಿಂತಳು. ಚಿಕ್ಕಂದಿನಿಂದ ಅವಳ ಮಾತು ಹಾಗೆಯೇ, ನಡುನಡುವೆ ಸಿಕ್ಕಿಕೊಳ್ಳುತ್ತಿತ್ತು.

"ಗಾಳಿ" ಎಂದ ಪಾಳೆಯಗಾರನ ಮಗ. ಅವನನ್ನು ಎಳೆದುಕೊಂಡು ಹೋದರು. ಹಿಂದಿದ್ದ ಪಂಡಿತರೊಬ್ಬರು "ನದಿ" ಎಂದರು. ಅವರನ್ನೂ ಎಳೆದೊಯ್ದರು. ಸೇವಕಿಯ ಕೈಯಲ್ಲಿದ್ದ ಬಟ್ಟಲಿನ ತಳ ಇನ್ನೂ ಒಣಗಿಯೇ ಇತ್ತು. ಅದನ್ನು ಗಮನಿಸಿದವನು ದ್ಯಾವೀರ ಒಬ್ಬನೇ.

"ಬುಟ್ಟಿಯವನಂತೆ. ತಲೆ ಹೊತ್ತುಕೊಂಡು ಹೋಗಲು ಬುಟ್ಟಿ ತಂದಿದ್ದಾನೋ ಕೇಳಿ" ಎಂದು, ಮುಂದೆ ಬಂದ ದ್ಯಾವೀರನನ್ನು ಯಾರೋ ಕುಟುಕಿದರು.

ದ್ಯಾವೀರ ಕಾದ. ಸೋಮಲೆಯ ತುಟಿ ಅದುರಿ ಮಾತು ಬಂತು: "...ಹೊರಟ ಬಾಗಿಲಿಗೆ ಮಾತ್ರ ಮರಳಲಾರದು." ಬಟ್ಟಲು ನೀರಿಗಿಳಿಯಿತು.

"ಮಾತು, ಅಮ್ಮಣ್ಣಿ."

"ಎರಡು ಬಾಗಿಲು, ಕದವಿಲ್ಲ..." ಮತ್ತೆ ತಡೆ. ತಲೆ ಕಡಿಯುವ ಕಟುಕ ಕತ್ತಿಯನ್ನು ಹೆಗಲಿಂದ ಹೆಗಲಿಗೆ ಬದಲಿಸಿದ. "...ಒಡೆಯ ಒಳಗಿಲ್ಲದಿದ್ದರೆ ಬಂದ ನೆಂಟ ಹೊಸ್ತಿಲಿಂದಲೇ ವಾಪಸು."

"ಕಿವಿ."

"ಕೊಟ್ಟಷ್ಟೂ ಕರಗದು..." ಎಂದಳು. ಈ ಸಲ ತಡೆದದ್ದು ತಡೆದೇಬಿಟ್ಟಿತು. ಸಭೆಯೆಲ್ಲ "ವಿದ್ಯೆ, ವಿದ್ಯೆ ಅನ್ನೋ" ಎಂದು ಪಿಸುಗುಟ್ಟಿತು. ಅರಸ ರಾಚರಸನಿಗೆ ಸಹನೆ ಮೀರಿತು. "ಎಳೆಮಕ್ಕಳಿಗೂ ಗೊತ್ತಿರುವ ಒಗಟು. ಅವಳು ಹೇಳಿದ್ದಾಯಿತು, ಬಟ್ಟಲು ಇಳಿಸು."

ಬಟ್ಟಲಿಗೆ ನೀರು ಏರತೊಡಗಿತು. ದ್ಯಾವೀರನ ಕಣ್ಣಿಗೆ ಅಣ್ಣನ ಕುತ್ತಿಗೆ ಕಟ್ಟಿತು. ಕೈಮುಗಿದ.

"ಬುದ್ಧೀ, ಬೇಕಾದರೆ ತಲೆ ತೆಗೆಸಿ. ಆದರೆ ಅಮ್ಮಣ್ಣಿಯವರ ಮಾತು ಇನ್ನೂ ಮುಗಿದಿಲ್ಲ."

ಮಗಳ ಮಾತನ್ನು ಇಷ್ಟು ವರ್ಷ ತಾನೇ ಮುಗಿಸುತ್ತಿದ್ದ ಅರಸನ ಮುಖ ಕೆಂಡವಾಯಿತು. ಸೋಮಲೆ ಎದ್ದು ಬಂದು, ನೀರಿಗೆ ಕೈಹಾಕಿ, ಮುಳುಗುತ್ತಿದ್ದ ಬಟ್ಟಲನ್ನು ಎತ್ತಿದಳು.

"...ಪಡೆದವರ ತಲೆ ತುಂಬದು, ಎದೆ ಹಗುರಾಗುತ್ತದೆ. ಬೊಕ್ಕಸದಲ್ಲಿಲ್ಲ. ಅಪ್ಪಾಜಿಯ ಹತ್ತಿರವೂ ನನಗೆ ಸಿಗಲಿಲ್ಲ." ಬಟ್ಟಲನ್ನು ತಾನೇ ನೀರಿಗಿಟ್ಟಳು.

"ಕೊನೆಯವರೆಗೂ ಕೇಳಿಸಿಕೊಳ್ಳುವ ತಾಳ್ಮೆ, ಅಮ್ಮಣ್ಣಿ."

ಅರಸನ ದನಿ ಇಳಿದಿತ್ತು. "ಬಿಡಿಸಿ ಹೇಳಪ್ಪ."

"ಬಾಯಿಂದ ಹೊರಟ ಮಾತು ಬಾಯಿಗೆ ಮರಳದು, ಬುದ್ಧೀ. ಕಿವಿ ತೆರೆದೇ ಇರುತ್ತದೆ. ಮನಸ್ಸು ಒಳಗಿಲ್ಲದಿದ್ದರೆ ಮಾತು ಒಳಗೆ ಬಾರದು. ಮೂರನೆಯದಕ್ಕೆ ಒಂದು ಕಾಸೂ ಬೇಡ. ಆದರೂ ನನಗೆ ಸುಲಭವಾಗಿ ಬಂತು ಎನ್ನಲಾರೆ. ಈಗ 'ವಿದ್ಯೆ' ನಾಲಿಗೆಯ ತುದಿಗೇ ಬಂದಿತ್ತು."

ದ್ಯಾವೀರ ಬೇಡಿದ್ದು ಸೆರೆಯಲ್ಲಿದ್ದವರೆಲ್ಲರ ಜೀವ. ಅರಸ ಒಪ್ಪಿ, ಅರ್ಧ ರಾಜ್ಯವನ್ನೂ ಕೊಟ್ಟು, ಮದುವೆಯ ಮುಹೂರ್ತ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಮಗಳ ಕಡೆ ತಿರುಗಿ "ನೀನೇನು ಹೇಳುತ್ತೀಯವ್ವ?" ಎಂದ. ಅವಳ ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಈ ಸಲ ಅರಸನೂ ಕಾದ.

"ಒಪ್ಪಿಗೆ" ಎಂದಳು.

ಮದುವೆಯೂಟದಲ್ಲಿ ಡಂಗುರದ ಮುದುಕನಿಗೆ ಮೊದಲ ಪಂಕ್ತಿಯಲ್ಲೇ ಎಲೆ. ಇವತ್ತಿಗೂ ಕದಿರಾಪುರದಲ್ಲಿ ಡಂಗುರದವನು ಕೆಮ್ಮಿದರೆ ಜನ ನಿಂತು ಕಾಯುತ್ತಾರಂತೆ.