ಮೇಲಿನ ನಟ್ಟು

ನಿಂಗನಗೌಡ ಎಂಬ ಶಿಷ್ಯ ಮಠಕ್ಕೆ ಬಂದ. ಮಠದ ಸ್ವಾಮಿಗಳಾದ ಅಜ್ಜಾರಿಗೆ ನಮಸ್ಕಾರ ಮಾಡಿ, ಕೂರುವ ಮೊದಲೇ ಕೇಳಿದ.

"ಅಜ್ಜಾರ, ಇದ್ದದ್ದನ್ನ ಇದ್ದಂಗ ಹೇಳೂದು ತಪ್ಪೇನ್ರಿ?"

"ಮೊದಲ ಕುಂಡ್ರು" ಎಂದರು ಅಜ್ಜಾರು.

ಅವನು ಕೂತ. "ನಾ ಹೊಟ್ಟ್ಯಾಗ ಇಟ್ಕೊಳ್ಳೂ ಮನಿಷ್ಯಾ ಅಲ್ರಿ. ಸಿಟ್ಟು ಬಂದರ ಒದರಿಬಿಡ್ತೀನಿ. ಒದರಿ ಮುಗಿಸೂದರಾಗ ನನ್ನ ಹೇಣ್ತಿ ನೀಲವ್ವ ಚಹಾ ತಂದು ಮುಂದ ಇಡ್ತಿದ್ಲು. ಕುಡೀತಿದ್ದೆ. ಅಲ್ಲಿಗೆ ಎಲ್ಲಾ ಮುಗೀತಿತ್ತು. ಲಗ್ನ ಆದಾಗಿನಿಂದ ಹಿಂಗ ನಡದೈತ್ರಿ. ಈ ಸಲಾನೂ ಹಂಗ ಒದರಿದೆ, ಹೊಸಾದೇನೂ ಅನ್ನಲಿಲ್ಲ. ಮುಗಿಸಿ ನೋಡಿದರ ಚಹಾ ಇಲ್ಲ. ಆಕಿ ಚೀಲ ಹಿಡಕೊಂಡು ತವರಿಗೆ ಹೊಂಟಿದ್ಲು. ಕರಿಯಾಕ ಹೋದರ ಹೊರಗ ಬರವಲ್ಲಳು. ಪ್ರತಿ ಸಲ ಮಾಡಿದ್ದನ್ನ ಈ ಸಲಾನೂ ಮಾಡೇನ್ರಿ. ಈ ಸಲ ಯಾಕ ಕೆಟ್ಟಿತು?"

ಅಜ್ಜಾರು ಅವನ ಮುಖ ನೋಡಿದರು. ಬೈಯುತ್ತಾರೆ ಎಂದು ಅವನು ತಲೆ ತಗ್ಗಿಸಿದ. ಅವರು ಬೈಯಲಿಲ್ಲ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೊಬ್ಬ ತಮ್ಮ. ತಂದೆ ಇರಲಿಲ್ಲ, ತಾಯಿ ಇದ್ದಳು. ಅಣ್ಣ ತಮ್ಮ ಇಬ್ಬರೂ ದುಡಿದು ಒಂದು ದೊಡ್ಡ ಗಾಡಿ ಕೊಂಡಿದ್ದರು. ಈಗಿನವರು ಎಸ್‌ಯುವಿ ಎನ್ನುತ್ತಾರಲ್ಲ, ಅಂಥದ್ದು. ಹಿಂದಿನ ಸೀಟು ಮಡಚಿ, ಬಟ್ಟೆಯ ಗಂಟು ತುಂಬಿ, ಸಂತೆಯಿಂದ ಸಂತೆಗೆ ಹೋಗಿ ಬರುತ್ತಿದ್ದರು.

ಆ ಗಾಡಿಯ ಹಿಂದಿನ ಎರಡು ಗಾಲಿಗಳ ನಡುವೆ, ತಳದಲ್ಲಿ, ಕಬ್ಬಿಣದ ಗಡಿಗೆಯಂಥದ್ದೊಂದು ಇರುತ್ತದೆ. ಡಿಫರೆನ್ಶಿಯಲ್ ಎಂದು ಅದರ ಹೆಸರು. ಒಳಗೆ ಹಲ್ಲುಚಕ್ರಗಳು ಒಂದನ್ನೊಂದು ಉಜ್ಜುತ್ತ ತಿರುಗುತ್ತವೆ. ಉಜ್ಜಿದರೂ ಸವೆಯದಿರಲಿ ಎಂದು ಮಂದವಾದ ಎಣ್ಣೆ ತುಂಬಿರುತ್ತಾರೆ. ಓಡಿ ಓಡಿ ಆ ಎಣ್ಣೆ ಕಪ್ಪಾಗುತ್ತದೆ. ಆಗ ಅದನ್ನು ಇಳಿಸಿ ಹೊಸದು ಹಾಕಬೇಕು. ಗಡಿಗೆಗೆ ಎರಡು ನಟ್ಟು. ಕೆಳಗಿನ ನಟ್ಟು ಬಿಚ್ಚಿದರೆ ಹಳೆಯದು ಇಳಿಯುತ್ತದೆ. ಪಕ್ಕದಲ್ಲಿ, ಸ್ವಲ್ಪ ಮೇಲೆ, ಇನ್ನೊಂದು ನಟ್ಟಿದೆ. ಅದನ್ನು ಬಿಚ್ಚಿ ಆ ತೂತಿನಿಂದ ಹೊಸದು ಹಾಕಬೇಕು. ಇದಕ್ಕೆ ಗ್ಯಾರೇಜೇ ಆಗಬೇಕೆಂದಿಲ್ಲ. ಮನೆಯ ಮುಂದೆ ನಿಲ್ಲಿಸಿಕೊಂಡೇ ಮಾಡಬಹುದು. ಮನಸ್ಸು ಮಾಡಿದರೆ ನೀನೂ ಕಲಿಯಬಹುದು, ನಿಂಗನಗೌಡ.

ನಮ್ಮ ಕಡೆ ಆಯುಧ ಪೂಜೆಗೆ ಖಂಡೇನವಮಿ ಎನ್ನುತ್ತೇವೆ. ಪ್ರತಿ ವರ್ಷ ಆ ದಿನ ಬೆಳಗ್ಗೆ ಅಣ್ಣ ತಮ್ಮ ಈ ಎಣ್ಣೆ ಬದಲಿಸುತ್ತಿದ್ದರು. ಅಣ್ಣ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ನುಗ್ಗಿ ಕೆಳಗಿನ ನಟ್ಟು ಬಿಚ್ಚುತ್ತಿದ್ದ. ಕಪ್ಪು ಎಣ್ಣೆ ಬೋಗುಣಿಗೆ ಬೀಳುವುದನ್ನು ನೋಡುವುದೆಂದರೆ ಅವನಿಗೆ ಬಹಳ ಸಂತೋಷ. "ಅವ್ವಾ, ಎಷ್ಟು ಹೊಲಸು ತಗದೆ ನೋಡು" ಎಂದು ತಾಯಿಯನ್ನು ಕರೆದು ತೋರಿಸುತ್ತಿದ್ದ. ಅಷ್ಟಕ್ಕೆ ಅವನ ಕೆಲಸ ಮುಗಿಯಿತು. ಅವನು ಕೈ ತೊಳೆಯಲು ಹೋದಾಗ ತಮ್ಮ ಹೊಸ ಎಣ್ಣೆ ಹಾಕುತ್ತಿದ್ದ. ಆಮೇಲೆ ಗಾಡಿಗೆ ಪೂಜೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಮುಂದೆ ಬಿಡುವುದು, ಎಲ್ಲರೂ ಕೂತು ಊರು ಸುತ್ತಿ ಬರುವುದು.

ಒಂದು ದಿನ ತಮ್ಮನ ಬೀಗರು ಊಟಕ್ಕೆ ಬಂದಿದ್ದರು. ಸಂತೆಯ ಲೆಕ್ಕದಲ್ಲಿ ಏನೋ ಸಣ್ಣ ತಪ್ಪಾಗಿತ್ತು, ತಮ್ಮ ಅದನ್ನು ಹೇಳಿದ. ಅಣ್ಣನಿಗೆ ಸಿಟ್ಟು ಬಂತು. ಅವರೆಲ್ಲರ ಎದುರಿಗೇ, ಎಲೆಯ ಮುಂದೆ ಕೂತಿದ್ದ ತಮ್ಮನಿಗೆ, "ನಾ ಹಾಕಿದ ಅನ್ನ ತಿಂದು ದೊಡ್ಡಾಂವ ಆದಿ, ನನಗ ಲೆಕ್ಕಾ ಹೇಳ್ತಿ?" ಎಂದ. ಅಂದಮೇಲೆ ಅವನ ಮನಸ್ಸು ಹಗುರಾಯಿತು. ಇನ್ನೊಂದು ತುತ್ತು ಅನ್ನ ಹಾಕಿಸಿಕೊಂಡ. ತಮ್ಮ ಅರ್ಧಕ್ಕೆ ಎದ್ದು ಕೈ ತೊಳೆದ. ಆ ವಾರವೇ ಹೆಂಡತಿಯನ್ನು ಕರೆದುಕೊಂಡು ಪಕ್ಕದ ಊರಿನಲ್ಲಿ ಬಾಡಿಗೆ ಮನೆ ಹಿಡಿದ. ಗಾಡಿಯಲ್ಲಿ ತನಗೂ ಪಾಲಿದೆ ಎಂಬ ಮಾತನ್ನು ಎತ್ತಲಿಲ್ಲ.

ಮತ್ತೆ ಖಂಡೇನವಮಿ ಬಂತು. ತಾಯಿ ದೊಡ್ಡ ಮಗನಿಗೆ ಹೇಳಿದಳು.

"ನಾಳೆ ಬನ್ನಿ ಹಬ್ಬ. ಸಣ್ಣಾಂವ ತಾನಾಗಿ ಬರೂದಿಲ್ಲ. ನೀನ ಹೋಗಿ ಬನ್ನಿ ಕೊಡು. ವೈರಿಗೂ ಬನ್ನಿ ಕೊಡ್ತಾರಪ್ಪಾ, ಇವ ನಿನ್ನ ಒಡಹುಟ್ಟಿದಾಂವ."

ವಿಜಯದಶಮಿಯ ದಿನ ಬನ್ನಿ ಎಲೆ ಹಿಡಿದು ಕಿರಿಯರು ಹಿರಿಯರ ಮನೆಗೆ ಹೋಗುವುದು ರೂಢಿ. ಹಿರಿಯನೇ ಹೋಗುವುದೆಂದರೆ ಸಣ್ಣ ಮಾತಲ್ಲ. ಆದರೂ ಅಣ್ಣ ಒಪ್ಪಿದ. ಒಳಗೊಳಗೇ ಅವನಿಗೂ ತಮ್ಮ ಬೇಕಾಗಿದ್ದ. ಒಬ್ಬನೇ ಗಂಟು ಹೊತ್ತು ಹೊತ್ತು ಸಾಕಾಗಿತ್ತು, ಸಂತೆಯಿಂದ ಬರುವಾಗ ಪಕ್ಕದ ಸೀಟು ಖಾಲಿ ಇರುವುದನ್ನು ನೋಡಿ ಸಾಕಾಗಿತ್ತು. ತಮ್ಮನ ಬಾಗಿಲಿಗೆ ಗಾಡಿ ಒಯ್ದು ನಿಲ್ಲಿಸಿದರೆ ಅವನು ಮೊದಲು ಗಾಡಿಯನ್ನೇ ನೋಡುತ್ತಾನೆ ಎಂದು ಅಣ್ಣನಿಗೆ ಗೊತ್ತಿತ್ತು. ಗಾಡಿ ಚೆನ್ನಾಗಿರಬೇಕು ಎಂದುಕೊಂಡ.

ಗೋಣಿಚೀಲ ಹಾಸಿದ. ಕೆಳಗೆ ನುಗ್ಗಿದ. ಪ್ರತಿ ವರ್ಷದ ಹಾಗೆಯೇ ಕೆಳಗಿನ ನಟ್ಟು ಬಿಚ್ಚಿದ. ಎಣ್ಣೆ ಎಲ್ಲ ಇಳಿಯಿತು. ಕೊನೆಯ ಹನಿಯವರೆಗೂ ಕಾದು ನಟ್ಟು ಬಿಗಿದ. ಆಮೇಲೆ ಮೇಲಿನ ನಟ್ಟಿಗೆ ಪಾನಾ ಹಾಕಿ ತಿರುಗಿಸಿದ.

ಅದು ಅಲುಗಲಿಲ್ಲ.

ಮಳೆಗಾಲದ ಕೆಸರು ಕೂತು ತುಕ್ಕು ಹಿಡಿದಿತ್ತು. ಅಣ್ಣ ಬಲ ಹಾಕಿದ. ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿದ. ಸುತ್ತಿಗೆಯಿಂದ ಹೊಡೆದ. ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು, ನಟ್ಟು ಮಾತ್ರ ಬಿಚ್ಚಲಿಲ್ಲ. ಈಗ ಹೊಸ ಎಣ್ಣೆಯ ಡಬ್ಬಿ ಪಕ್ಕದಲ್ಲಿದೆ, ಹಾಕಲು ದಾರಿ ಇಲ್ಲ. ಹಳೆಯದನ್ನೇ ಮತ್ತೆ ಸುರಿಯೋಣವೆಂದರೂ ಸುರಿಯಲು ಬಾಯಿ ಇಲ್ಲ.

ಅಷ್ಟರಲ್ಲಿ ಪೂಜೆಯ ಹೊತ್ತಾಯಿತು. ಪಾನಾ, ಸುತ್ತಿಗೆ, ಬಟ್ಟೆ ಅಳೆಯುವ ಗಜ, ಕತ್ತರಿ, ಎಲ್ಲವೂ ಮಣೆ ಏರಿದವು. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿದ ಮೇಲೆಯೇ ಎತ್ತಬೇಕು. ಅದು ಆ ಮನೆಯ ಪದ್ಧತಿ, ಊರಿನ ಗ್ಯಾರೇಜುಗಳ ಪದ್ಧತಿಯೂ ಅದೇ. ಅಣ್ಣ ಎರಡು ಕಡೆ ಹೋಗಿ ಕೇಳಿದ. ಇಬ್ಬರೂ ಅವನಿಗೆ ಪ್ರಸಾದ ಕೊಟ್ಟು ಕಳಿಸಿದರು.

ಮನೆಗೆ ಬಂದು ಗಾಡಿಗೆ ಪೂಜೆ ಮಾಡಿದ. ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಿದ. ಗಾಡಿ ಸದ್ದಿಲ್ಲದೆ ಹೋಯಿತು. ಅಲ್ಲಿಯೇ ಅವನು ಕೆಟ್ಟ. ಒಂದು ಮಾರು ಹೋದ ಗಾಡಿ ಒಂದು ತಾಸಿನ ದಾರಿಯನ್ನೂ ಹೋಗುತ್ತದೆ, ಹಲ್ಲುಗಳಿಗೆ ಅಂಟಿದ ಎಣ್ಣೆಯೇ ಸಾಕು ಎಂದು ತನಗೆ ತಾನೇ ಹೇಳಿಕೊಂಡ.

ಮರುದಿನ ತಾಯಿ, "ಬಾಡಿಗಿ ಗಾಡಿ ಮಾಡೋಣು" ಎಂದಳು. ಅವನು ಕೇಳಲಿಲ್ಲ. "ನಮ್ಮ ಗಾಡ್ಯಾಗ ಹೋದರ ಅಣ್ಣ ಬಂದಂಗ. ಬಾಡಿಗಿ ಗಾಡ್ಯಾಗ ಹೋದರ ಬೀಗ ಬಂದಂಗ" ಎಂದ. ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಅದಕ್ಕೇ ತಾಯಿ ಹೋಗಿ ಗಾಡಿ ಹತ್ತಿದಳು. ಅವನು ಬನ್ನಿಯ ಎಲೆಗಳನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

ಅರ್ಧ ದಾರಿಯಲ್ಲಿ ಹಿಂದಿನಿಂದ ಕುಯ್ ಎಂಬ ಸದ್ದು ಶುರುವಾಯಿತು. ಸದ್ದು ದೊಡ್ಡದಾಯಿತು. ಸುಟ್ಟ ವಾಸನೆ ಬಂತು. ಒಳಗೆ ಏನೋ ಮುರಿದಂತಾಗಿ ಹಿಂದಿನ ಗಾಲಿಗಳು ಕಚ್ಚಿಕೊಂಡು ನಿಂತವು. ಸುತ್ತ ಎಲ್ಲೂ ಮರವಿಲ್ಲ, ಬಿಸಿಲು. ತಾಯಿ ಸಣ್ಣ ಮಗನಿಗೆ ಫೋನು ಮಾಡಿದಳು.

ತಮ್ಮ ಒಂದು ಆಟೋ ಮಾಡಿಕೊಂಡು ಬಂದ. ಬಂದವನು ಮೊದಲು ತಾಯಿಯನ್ನು ಆಟೋದ ನೆರಳಿನಲ್ಲಿ ಕೂರಿಸಿ ನೀರು ಕೊಟ್ಟ. ಆಮೇಲೆ ಗಾಡಿಯ ಕೆಳಗೆ ಬಗ್ಗಿ ನೋಡಿದ. ಸವೆದು ಗುಂಡಗಾದ ನಟ್ಟನ್ನು ಬೆರಳಿನಿಂದ ಮುಟ್ಟಿದ.

"ಅಣ್ಣಾ, ಮೇಲಿಂದು ಬಿಚ್ಚತೈತೋ ಇಲ್ಲೋ ನೋಡದ ಕೆಳಗಿಂದು ಬಿಚ್ಚಿದೇನು?"

"ಯಾವಾಗಲೂ ಹಂಗ ಅಲ್ಲೇನು ಮಾಡೂದು?"

"ಇಲ್ಲಣ್ಣಾ. ಹಿಂದಿನ ದಿನ ನಾ ಮೇಲಿಂದಕ್ಕ ಸೀಮೆಎಣ್ಣಿ ಬಿಟ್ಟಿರ್ತಿದ್ದೆ. ಮುಂಜಾನೆ ನೀ ಚೀಲ ಹಾಸೂ ಮೊದಲ ಅದನ್ನ ಸಡ್ಲ ಮಾಡಿ ಇಡ್ತಿದ್ದೆ. ಅದು ಬಿಚ್ಚತೈತಿ ಅಂತ ಖಾತ್ರಿ ಆದಮ್ಯಾಲೆ ನಿನ್ನ ಕೈಗೆ ಪಾನಾ ಕೊಡ್ತಿದ್ದೆ."

ತಮ್ಮ ಇದನ್ನು ಮೆಲ್ಲಗೆ ಹೇಳಿದ. ಚುಚ್ಚಿ ಹೇಳಲಿಲ್ಲ. ಆ ಹೊತ್ತಿಗೆ ಅಣ್ಣ ಜೇಬಿಗೆ ಕೈ ಹಾಕಿದ್ದರೆ ಸಾಕಾಗುತ್ತಿತ್ತು. ಬನ್ನಿ ಅಲ್ಲೇ ಇತ್ತು. ಈ ಕತೆ ಹೇಳುವಾಗ ಪ್ರತಿ ಸಲ ನನಗೆ ಇಲ್ಲಿ ಸಂಕಟವಾಗುತ್ತದೆ, ಈ ಸಲವಾದರೂ ಅವನು ಜೇಬಿಗೆ ಕೈ ಹಾಕಬಾರದೇ ಎನಿಸುತ್ತದೆ. ಆದರೆ ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೆ ಅವನಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೆ ಇಟ್ಟುಕೊಳ್ಳುವ ಮನುಷ್ಯ ಅವನಲ್ಲ.

"ಗೊತ್ತಿದ್ದೂ ಒಂದ ದಿನಾ ಹೇಳಲಿಲ್ಲಲ್ಲೋ! ನನ್ನ ಗಾಡಿ ಹಾಳಾಗಲಿ ಅಂತ ಬಾಯಿ ಮುಚ್ಚಿಕೊಂಡು ಕುಂತಿದ್ದಿ!" ಎಂದು ರಸ್ತೆಗೆಲ್ಲ ಕೇಳುವಂತೆ ಒದರಿದ.

ತಮ್ಮ ಕೈಗೆ ಹತ್ತಿದ ಮಣ್ಣು ಒರೆಸಿಕೊಂಡ. "ಖರೆ ಅಣ್ಣಾ, ನಿನ್ನ ಗಾಡಿ" ಎಂದ. ಹೋಗಿ ಆಟೋದಲ್ಲಿ ತಾಯಿಯ ಪಕ್ಕದಲ್ಲಿ ಕೂತ.

"ಬನ್ನಿ ಕೊಡೋ! ಮೊದಲ ಬನ್ನಿ ಕೊಡೋ!" ಎಂದು ತಾಯಿ ಒಳಗಿನಿಂದ ಕೂಗಿದಳು. ಅಣ್ಣ ಆಗ ಜೇಬಿಗೆ ಕೈ ಹಾಕಿದ. ಎಲೆಗಳನ್ನು ಹೊರಗೆ ತೆಗೆಯುವಷ್ಟರಲ್ಲಿ ಆಟೋ ತಿರುಗಿ ಹೊರಟಿತ್ತು. ಅವನು ಎಲೆ ಹಿಡಿದ ಕೈಯನ್ನು ಮುಂದೆ ಚಾಚಿಕೊಂಡೇ ಸ್ವಲ್ಪ ಹೊತ್ತು ರಸ್ತೆಯಲ್ಲಿ ನಿಂತಿದ್ದ.

ಹಬ್ಬ ಮುಗಿದ ಮೇಲೆ ಗಾಡಿಗೆ ಹೊಸ ಹಲ್ಲುಚಕ್ರ ಹಾಕಿಸಿದ, ಹೊಸ ನಟ್ಟು ಹಾಕಿಸಿದ. ಗಾಡಿ ಈಗ ಚೆನ್ನಾಗಿ ಓಡುತ್ತದೆ. ತಾಯಿ ಸ್ವಲ್ಪ ದಿನ ಇಲ್ಲಿ, ಸ್ವಲ್ಪ ದಿನ ಅಲ್ಲಿ ಇರುತ್ತಾಳೆ. ಅಲ್ಲಿಂದ ಬಂದಾಗ ಅಲ್ಲಿಯ ಸುದ್ದಿ ಹೇಳುವುದಿಲ್ಲ, ಇವನೂ ಕೇಳುವುದಿಲ್ಲ. ಪ್ರತಿ ವರ್ಷ ಖಂಡೇನವಮಿಯ ಹಿಂದಿನ ದಿನ ಅಣ್ಣ ಮೇಲಿನ ನಟ್ಟಿಗೆ ಸೀಮೆಎಣ್ಣೆ ಬಿಡುತ್ತಾನೆ. ಬೆಳಗ್ಗೆ ಮೊದಲು ಅದನ್ನು ಬಿಚ್ಚುತ್ತಾನೆ. ಅದು ಎಷ್ಟು ಸಲೀಸಾಗಿ ಬಿಚ್ಚುತ್ತದೆಂದರೆ ಅವನಿಗೆ ಅಳು ಬರುತ್ತದೆ. ಎಣ್ಣೆ ಇಳಿಸಿ, ಹೊಸದು ಹಾಕಿ, ತೂತಿನ ಅಂಚಿನಿಂದ ಹೊರಗೆ ಜಿನುಗುವವರೆಗೂ ತುಂಬಿ, ನಟ್ಟು ಬಿಗಿಯುತ್ತಾನೆ. ಕೆಲಸದಲ್ಲಿ ಒಂದು ತಪ್ಪಿಲ್ಲ. ಮುಗಿದ ಮೇಲೂ ಅವನು ಬೇಗ ಹೊರಗೆ ಬರುವುದಿಲ್ಲ. ಪೂಜೆಗೆ ಹೊತ್ತಾಯಿತೆಂದು ಯಾರಾದರೂ ಕರೆಯುವವರೆಗೆ ಗಾಡಿಯ ಕೆಳಗೇ ಮಲಗಿರುತ್ತಾನೆ.

ಅಜ್ಜಾರು ಕತೆ ನಿಲ್ಲಿಸಿದರು. ನಿಂಗನಗೌಡ ಕೇಳಿದ.

"ತಮ್ಮ ಆಮ್ಯಾಲೆ ಬಂದನೇನ್ರಿ, ಅಜ್ಜಾರ?"

ಅಜ್ಜಾರು ಅವನ ಕಡೆ ತಿರುಗಿ ಕೇಳಿದರು:

"ನೀಲವ್ವ ಚಹಾಕ್ಕ ನೀರು ಇಡ್ತಿದ್ದದ್ದು ನೀ ಒದರಿದ ಮ್ಯಾಲೋ, ಒದರೂ ಮೊದಲೋ?"