ಗರಗಸದ ಕೆಳಗಿನ ಹಿಡಿ

ಡಂಗುರದವನು ಕ್ರೈಸ್ತರ ಕೇರಿಯ ಬಾಯಲ್ಲಿ ನಿಂತು ಕೂಗಿದ: “ಕೇಳಿರಪ್ಪೋ ಕೇಳಿ! ಮರಿಯಮ್ಮನವರ ಪಲ್ಲಕ್ಕಿಯ ಮುಂದಿನ ಕೊಂಬು ಯಾರ ಹೆಗಲಿಗೆ ಎಂದು ಅರಮನೆಯ ಬಾಗಿಲಲ್ಲೇ ಬಡಿದಾಡಿದವರೇ, ಕೇಳಿ! ದೊರೆ ಚೆನ್ನರಸರು ನಿಮಗೆ ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವನಿಗೆ ನೇಣು. ಯಾರೂ ಬಿಡಿಸದಿದ್ದರೆ ತೆನೆ ಹಬ್ಬದೊಳಗೆ ಇಗರ್ಜಿ ನೆಲಸಮ, ಕೇರಿ ಖಾಲಿ!”

ಕೇರಿ ತಣ್ಣಗಾಯಿತು. ಈಗ ತಣ್ಣಗಾಗಿ ಏನು ಬಂತು ಹೇಳಿ? ಪಲ್ಲಕ್ಕಿ ಉರುಳಿ ಮಾತೆಯ ಪ್ರತಿಮೆಯ ಕೈ ಮುರಿದದ್ದು ಮುರಿದದ್ದೇ. ಅದಕ್ಕೆಲ್ಲ ಕಾರಣ ಇನಾಸ ಮತ್ತು ಸಾಲು, ಒಂದೇ ಗರಗಸದಲ್ಲಿ ಮರ ಕೊಯ್ದು ಬದುಕುವ ಜೋಡಿ. ಗುಂಡಿಯ ಮೇಲೆ ಮರ ಅಡ್ಡ ಹಾಕಿ ಸಾಲು ಮೇಲೆ ನಿಂತು ಎಳೆಯುವವನು, ಇನಾಸ ಗುಂಡಿಯೊಳಗೆ ನಿಂತು ಎಳೆಯುವವನು. ಮೇಲಿನವನಿಗೆ ಗಾಳಿ ಮತ್ತು ಹೆಸರು, ಕೆಳಗಿನವನಿಗೆ ಕಣ್ಣು ತುಂಬ ಮರದ ಹುಡಿ. ಇನಾಸ ಹೇಗೋ ಸಹಿಸಿಕೊಂಡಿದ್ದ. ಆದರೆ ಕೇರಿಯ ಹಿರಿಯ ಯಜಮಾನ, ಗುರಿಕಾರ ಪಾಸ್ಕಾಲರು ಪಲ್ಲಕ್ಕಿಯ ಮುಂದಿನ ಕೊಂಬನ್ನೂ ಸಾಲುವಿಗೇ ಕೊಟ್ಟಾಗ ಇನಾಸನಿಗೆ ಮೈಯೆಲ್ಲ ಉರಿಯಿತು. ಅರಮನೆಯ ಬಾಗಿಲಲ್ಲೇ ಕೊಂಬಿಗೆ ಕೈ ಹಾಕಿ ಎಳೆದುಬಿಟ್ಟ. ಅಂದಿನಿಂದ ಕೇರಿಯಲ್ಲಿ ಎರಡು ಪಂಗಡ, ಒಬ್ಬರ ಮನೆಯ ನೀರು ಇನ್ನೊಬ್ಬರಿಗೆ ವಿಷ.

ಅರಮನೆಯ ಅಂಗಳದಲ್ಲಿ ಮೊದಲು ಮುಂದೆ ಬಂದವರು ಪಾಸ್ಕಾಲರು.

ದೊರೆ ಕೇಳಿದ: “ಅದು ಪಕ್ಕದ ಮನೆಯ ತಟ್ಟೆ ನೋಡಿ ಹುಟ್ಟುತ್ತದೆ. ಅಲ್ಲಿ ತಟ್ಟೆ ತುಂಬಿದಷ್ಟೂ ಇಲ್ಲಿ ಕೊಬ್ಬುತ್ತದೆ. ತಿನ್ನುವುದು ಮಾತ್ರ ತನ್ನನ್ನು ಸಾಕಿದವನನ್ನೇ. ಏನದು?”

ಮುದುಕ ಪಾಸ್ಕಾಲರು ಬೆವರು ಒರೆಸಿಕೊಂಡು, “ಬೆಕ್ಕು, ಮಹಾಸ್ವಾಮಿ,” ಎಂದರು.

“ತಪ್ಪು. ಇವನ ಪರವಾಗಿ ಇನ್ನು ಯಾರಾದರೂ ಹೇಳುತ್ತೀರಾ? ಹೇಳಿದರೆ ಇವನು ಉಳಿಯುತ್ತಾನೆ.”

ಇನಾಸನಿಗೆ ಉತ್ತರ ಗೊತ್ತಿತ್ತು. ಗೊತ್ತಿರದೆ ಏನು, ಅದನ್ನೇ ಎದೆಯಲ್ಲಿ ಸಾಕಿದವನಲ್ಲವೇ? ಮಾತು ನಾಲಿಗೆಯ ತುದಿಗೆ ಬಂತು. ‘ಕೊಂಬು ಕೊಟ್ಟಿರಲ್ಲ ಸಾಲುವಿಗೆ, ಅವನನ್ನೇ ಕೇಳಿಕೊಳ್ಳಿ ಗುರಿಕಾರರೇ’ ಎಂದುಕೊಂಡು ನುಂಗಿಬಿಟ್ಟ. ಸಂಜೆಗೆ ಪಾಸ್ಕಾಲರು ಇರಲಿಲ್ಲ. ಅವರ ಹೆಣ ಹೊರುವಾಗಲೂ ಮುಂದೆ ಯಾರು ಹಿಂದೆ ಯಾರು ಎಂದು ಗೊಣಗಾಟ ನಡೆಯಿತು, ಥೂ! ಅವರ ಹೆಂಡತಿ ನತಾಲಿಯಮ್ಮ ಅಳಲೂ ಇಲ್ಲ, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತ ನಿಂತಿದ್ದರು. ಇನಾಸ ಅಂದು ತಟ್ಟೆ ಪಕ್ಕಕ್ಕೆ ಸರಿಸಿದ. ಪ್ರಾರ್ಥಿಸಲು ಕೂತರೆ ಬಾಯಿ ಬರಲಿಲ್ಲ.

ಮರುದಿನ ಸಾಲು ಎದ್ದ. ಮೊದಲ ಒಗಟಿಗೆ, “ಹೊಟ್ಟೆಕಿಚ್ಚು,” ಎಂದ, ಇನಾಸನನ್ನೇ ದಿಟ್ಟಿಸಿ. ದೊರೆ ತಲೆಯಾಡಿಸಿ ಎರಡನೆಯದು ಕೇಳಿದ: “ಅದನ್ನು ಇಬ್ಬರು ಹಿಡಿಯಬೇಕು. ಇಬ್ಬರೂ ಒಟ್ಟಿಗೆ ಎಳೆದರೆ ಅಲುಗದು. ಒಬ್ಬ ಎಳೆದಾಗ ಇನ್ನೊಬ್ಬ ಬಿಟ್ಟುಕೊಟ್ಟರೆ ಇಬ್ಬರ ಹೊಟ್ಟೆಯೂ ತುಂಬುತ್ತದೆ. ಏನದು?”

ಅಯ್ಯೋ ಪುಣ್ಯಾತ್ಮ, ದಿನಾ ಕೈಯಲ್ಲಿ ಹಿಡಿಯುವುದೇ ಅದು! ಆದರೆ ಮೇಲೆ ನಿಂತವನಿಗೆ ಕೆಳಗಿನ ಕೈ ಕಂಡರೆ ತಾನೆ? “ಸಿಂಹಾಸನ, ಮಹಾಸ್ವಾಮಿ!” ಎಂದ ಸಾಲು.

ದೊರೆಯ ಮುಖ ಕಪ್ಪಿಟ್ಟಿತು. “ಸಿಂಹಾಸನವನ್ನು ನನ್ನ ತಮ್ಮ ಬಿಟ್ಟುಕೊಟ್ಟಿದ್ದ. ಜನ ಅವನನ್ನು ಹೊಗಳುವುದು ಸಹಿಸಲಾಗದೆ ನಾನು ಅವನನ್ನು ಕೊಲ್ಲಿಸಿದೆ. ತಪ್ಪು ಕಣೋ. ಇವನ ಪರವಾಗಿ ಯಾರಾದರೂ ಇದ್ದೀರಾ?”

ಸಾಲು ಈಗ ಇನಾಸನ ಕಡೆ ನೋಡಲಿಲ್ಲ; ಅಲ್ಲಿಂದ ಏನೂ ಬಾರದೆಂದು ಅವನಿಗೆ ಖಾತ್ರಿಯಾಗಿತ್ತು. ‘ಹೋಗಲಿ ಬಿಡು, ಇನ್ನು ಮೇಲಿನ ಹಿಡಿ ನನ್ನದೇ’ ಎಂದುಕೊಂಡ ಇನಾಸ. ಗುಂಡಿಯ ಮೇಲೆ ನಿಂತಂತೆ ನೆನೆದು ಮನಸ್ಸಿನಲ್ಲೇ ಕೆಳಗೆ ಬಗ್ಗಿ ನೋಡಿದ. ಗುಂಡಿಯಲ್ಲಿ ಯಾರೂ ಇರಲಿಲ್ಲ.

“ಗರಗಸ!” ಎಂದು ಕೂಗಿದ. “ಗರಗಸ, ಮಹಾಸ್ವಾಮಿ. ಅವನನ್ನು ಬಿಡಿ.”

“ಮೂರನೆಯದು ತಪ್ಪಿದರೆ ಇಬ್ಬರೂ ಹೋಗುತ್ತೀರಿ. ತುಂಬಿದ್ದಾಗ ಅದನ್ನು ಮಗುವೂ ಎತ್ತುತ್ತದೆ. ಬರಿದಾಗಿದ್ದರೆ ದೊರೆಯ ಕೈಯಲ್ಲೂ ಎತ್ತಲಾಗದು. ಏನದು?”

ಇನಾಸ ನತಾಲಿಯಮ್ಮನ ಕಡೆ ತಿರುಗಿದ. ಅವನಿಗೆ ಅಳು ಒತ್ತರಿಸಿ ಬಂತು. “ತೆನೆ ಹಬ್ಬದ ದಿನ ನಾವು ಮನೆಗೆ ಬಾರದವರಿಗೂ ಒಂದು ಊಟದ ಎಲೆ ಹಾಕುತ್ತೇವೆ. ಈ ಸಲ ಗುರಿಕಾರರ ಎಲೆ ಖಾಲಿ. ನಿನ್ನೆ ನನಗೆ ಉತ್ತರ ಗೊತ್ತಿತ್ತು, ಹೊಟ್ಟೆಕಿಚ್ಚಿಗೆ ಬಾಯಿ ಮುಚ್ಚಿಕೊಂಡೆ. ಉಣ್ಣುವವನಿದ್ದರೆ ಎಲೆಯನ್ನು ಮಗುವೂ ಎತ್ತುತ್ತದೆ; ಇದು ನಮ್ಮಿಂದಲೇ ಸತ್ತವನ ಎಲೆ, ಮಹಾಸ್ವಾಮಿ. ಅದನ್ನು ಯಾರು ಎತ್ತುತ್ತಾರೆ?”

ದೊರೆ ಸಾಲುವಿನ ಕಟ್ಟು ಬಿಚ್ಚಲು ಕೈಸನ್ನೆ ಮಾಡಿದ. ಆಮೇಲೆ, “ಸರಿ. ಇಗರ್ಜಿ ನಿಮ್ಮದು, ಕೇರಿ ನಿಮ್ಮದು, ಇವನ ಜೀವ ನಿಮ್ಮದು. ನಿನಗೇನು ಬೇಕೋ ಬೇಡು,” ಎಂದ.

“ಪಾಸ್ಕಾಲರನ್ನು ಕೊಡಿ.”

“ಅದು ನನ್ನ ಕೈಲಾಗುವುದಿದ್ದರೆ ನನ್ನ ತಮ್ಮನ ಎಲೆ ಯಾಕೆ ಖಾಲಿ ಇರುತ್ತಿತ್ತು?” ಎಂದು ದೊರೆ ಎದ್ದು ಒಳಗೆ ಹೋದ. ಭಂಡಾರದಿಂದ ಒಂದು ಒಳ್ಳೆಯ ಹಲಸಿನ ದಿಮ್ಮಿ ಮಾತ್ರ ಕೇರಿಗೆ ಬಂತು, ಗುರಿಕಾರರ ಗೋರಿಯ ಶಿಲುಬೆಗೆಂದು.

ಸಾಲು ಬಂಧನದಿಂದ ಬಿಡಿಸಿಕೊಂಡು ಒಂದು ಮಾತೂ ಆಡದೆ ಮನೆಗೆ ನಡೆದ. ಯಾಕೆ ಆಡುತ್ತಾನೆ? ಇನಾಸ ನಿನ್ನೆ ಬಾಯಿ ಮುಚ್ಚಿಕೊಂಡದ್ದನ್ನು ಅವನ ಬಾಯಿಂದಲೇ ಎಲ್ಲರೂ ಕೇಳಿಸಿಕೊಂಡಿದ್ದರು. ತೆನೆ ಹಬ್ಬದಲ್ಲಿ ಇನಾಸ ಹಾಲಿನಲ್ಲಿ ಹೊಸ ಅಕ್ಕಿ ಕಲಸಿ ಸಾಲುವಿಗೆ ಒಂದು ಎಲೆ ಹಾಕಿ ಕಾದ. ಯಾರೂ ಬರಲಿಲ್ಲ. ಅವನೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಇನಾಸ ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಹಾಕಿಸಿ, ಗರಗಸ ಇಟ್ಟು ತಾನೇ ಕೆಳಗಿಳಿದ. ಕೆಳಗಿನ ಹಿಡಿ ಹಿಡಿದು ನಿಂತ. ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ಒಬ್ಬನೇ ಎಷ್ಟು ಎಳೆದರೇನು, ಗರಗಸ ಕಚ್ಚಿಕೊಂಡು ನಿಂತಿತು. ಬಿಸಿಲು ಗುಂಡಿಯೊಳಗೆ ಇಳಿಯಿತು. ಕೊನೆಗೆ ಅವನು ಹಿಡಿಯ ಮೇಲೆ ಹಣೆಯಿಟ್ಟು ಬಿಕ್ಕಿದ.

ಆಗ ಹಿಡಿ ಅಲುಗಿತು. ಯಾರೋ ಮೇಲಕ್ಕೆ ಎಳೆದರು. ಇನಾಸ ಬಿಟ್ಟುಕೊಟ್ಟ.

“ಕಣ್ಣು ಮುಚ್ಚಿಕೋ ಮಾರಾಯ,” ಎಂದ ಸಾಲು ಮೇಲಿನಿಂದ. “ಹುಡಿ ಬೀಳುತ್ತದೆ. ಅರ್ಧ ಆದ ಮೇಲೆ ನಾನು ಇಳಿಯುತ್ತೇನೆ.”